ಮಂಗಳವಾರ ಬಂದ ಅಧಿಕಾರಿ

ಓಬಮ್ಮ, ನಿಮ್ಮೆಲ್ಲರ ತರಬೇತಿ ನಿಂತುಹೋದದ್ದು ನನ್ನಿಂದ. ಅಧಿಕಾರಿಗೆ ತಪ್ಪು ದಿನ ಬರೆದು ಕಳಿಸಿದವನು ನಾನು. ಮರೆತು ಅಲ್ಲ — ಬೇಕಂತಲೇ.

ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಅಷ್ಟಕ್ಕಷ್ಟೇ. ನನ್ನ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದವಳು ನೀನು. ರಾಂಪುರದ ಪಕ್ಕದ ನಮ್ಮೂರಿಗೆ, ಕೂಲಿಯವರಿಗೆಂದು ಪಂಪ್‌ಸೆಟ್ ರಿಪೇರಿ ತರಬೇತಿ ಬಂದಾಗ ತಂಗಿ ಮಾರಕ್ಕನನ್ನೂ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ವರ್ಷ ತುಂಬುವುದರೊಳಗೆ ಚಳ್ಳಕೆರೆಯಲ್ಲಿ ರಿಪೇರಿ ಮಾಡಿಸಿಯೂ ಮತ್ತೆ ಸುಟ್ಟ ನನ್ನದೇ ಮೋಟಾರನ್ನು ನೀನು ಬಿಚ್ಚಿ, ನಾಲ್ಕು ಜನರ ಎದುರಿಗೆ ಹೇಳಿದೆ: “ಇದ್ರಾಗೆ ಸುತ್ತಿರೋದು ಹಳೇ ತಂತಿ ಯಜಮಾನ್ರೆ. ಚಳ್ಳಕೆರೆಯೋನು ನಿಮ್ಗೆ ಟೋಪಿ ಹಾಕ್ಯಾನೆ.” ನೀನು ಹೇಳಿದ್ದು ನಿಜ. ಜನ ನಕ್ಕರು. ನನ್ನ ಕೂಲಿಯವಳ ಎದುರು ನಾನು ಪೆದ್ದನಾಗಿ ನಿಂತೆ — ಅದಕ್ಕೆ ಮೈಯೆಲ್ಲ ಉರಿಯಿತು.

ಆಮೇಲೆ ಸರ್ಕಾರ ಅನುದಾನ ನಿಲ್ಲಿಸಿತು. ನೀನು ಸುಮ್ಮನಿರಲಿಲ್ಲ. ಮನೆಮನೆ ತಿರುಗಿ ಸಹಿ, ಹೆಬ್ಬೆಟ್ಟು ಹಾಕಿಸಿ ಅರ್ಜಿ ಕಳಿಸಿದೆ. ತರಬೇತಿಯ ಮೇಷ್ಟ್ರನ್ನು ಕಾಡಿ ಬೇಡಿ ಸಂಬಳವಿಲ್ಲದೆಯೇ ಪಾಠ ಮಾಡಿಸಿದೆ. ಕಡೆಗೆ ಜಿಲ್ಲೆಯಿಂದ ಕಾಗದ ಬಂತು. ತರಬೇತಿ ನಡೆಯುವ ದಿನ ಬಂದು ನೋಡುತ್ತೇವೆ, ಜನ ಇದ್ದರೆ ಅನುದಾನ ಮತ್ತೆ ಕೊಡುತ್ತೇವೆ, ದಿನ ತಿಳಿಸಿ ಎಂದಿತ್ತು. ಊರಿನ ತರಬೇತಿ ಸಮಿತಿಗೆ ಅಧ್ಯಕ್ಷ ನಾನು. ಕಾಗದ ನನ್ನ ಕೈಗೇ ಬಂತು.

ನಮ್ಮೂರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಯಾರೂ ಹೊಲಕ್ಕೆ ಇಳಿಯುವುದಿಲ್ಲ. ಹಾಗಾಗಿ ನಿಮ್ಮ ಪಾಠ ಸೋಮವಾರವೇ. ನಾನು ಮಂಗಳವಾರ ಎಂದು ಬರೆದೆ. ನಿಮಗೆ ಮಾತ್ರ, ಆ ಮಂಗಳವಾರ ಕಳೆದು ಬರುವ ಸೋಮವಾರ ಸಾಹೇಬರು ಬರುತ್ತಾರೆ ಎಂದೆ.

ಅಧಿಕಾರಿ ಬಂದಾಗ ಪಾಠ ನಡೆಯುವ ಸಮುದಾಯ ಭವನಕ್ಕೆ ಬೀಗ. ನೀವೆಲ್ಲ ನನ್ನ ಹೊಲದಲ್ಲಿ ಬಗ್ಗಿದ್ದಿರಿ. “ಈ ಜನಕ್ಕೆ ಕಲಿಯೋ ಮನಸೇ ಇಲ್ಲ ಸಾರ್,” ಎಂದೆ. ಆ ಮಹಾರಾಯ ಜೀಪಿನಿಂದ ಇಳಿಯಲೂ ಇಲ್ಲ. ಅಲ್ಲೇ ಏನೋ ಗೀಚಿಕೊಂಡು ಹೋದ.

ಮುಂದಿನ ಸೋಮವಾರ ನೀವು ಒಗೆದ ಸೀರೆ ಉಟ್ಟು, ಬಿಚ್ಚಿದ ಮೋಟಾರು ಮುಂದಿಟ್ಟುಕೊಂಡು ಸಂಜೆಯವರೆಗೂ ಕಾದಿರಿ. ನಾನು ಎರಡು ಸಲ ಆ ದಾರಿಯಲ್ಲಿ ಹೋದೆ — ನೋಡುವುದಕ್ಕೆಂದೇ ಹೋದೆ.

ಅನುದಾನ ಇಲ್ಲವೆಂದು ಗೊತ್ತಾದ ದಿನ ನೀನು ಬಂದು, “ನಮ್ದೇನು ತಪ್ಪಾತು ಯಜಮಾನ್ರೆ?” ಎಂದೆ. ಆಗಲಾದರೂ ನಿಜ ಹೇಳಬಹುದಿತ್ತು — ಇಲ್ಲ. “ಹಾಜರಿ ಪುಸ್ತಕ ತರಿಸ್ಕೊಂಡು ನೋಡ್ಯಾರೆ. ನಿನ್ ತಂಗಿ ಎರಡು ಸೋಮವಾರ ಬಂದೇ ಇಲ್ಲ, ಅದ್ಕೇ ಕೊಡಲ್ಲ ಅಂದಾರೆ,” ಎಂದೆ ನಾನು. ನೀನು ಸೀದಾ ಹೋಗಿ ಬೀದಿಯಲ್ಲೇ ಅವಳ ಕೆನ್ನೆಗೆ ಹೊಡೆದೆ. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಅವಳ ಮಗಳ ಮದುವೆಗೂ ನೀನು ಹೋಗಲಿಲ್ಲ.

ನಾಳೆ ನಿನ್ನ ಮನೆಗೆ ಬರುತ್ತೇನೆ, ಮಾರಕ್ಕನನ್ನೂ ಕರೆದುಕೊಂಡು. ಉಗಿದರೆ ಉಗಿ. ಕ್ಷಮಿಸು ಎಂದು ಕೇಳುವುದಿಲ್ಲ. ಆ ಎರಡು ಸೋಮವಾರ ಅವಳು ನನ್ನ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುತ್ತಿದ್ದಳು. ಕರೆಸಿದವನು ನಾನೇ. ಬಾಯಿಬಿಟ್ಟರೆ ನಿಮ್ಮಿಬ್ಬರಿಗೂ ಕೆಲಸವಿಲ್ಲ ಎಂದಿದ್ದೆ. ಅವಳು ಇವತ್ತಿಗೂ ಬಾಯಿಬಿಟ್ಟಿಲ್ಲ.