ಹಸಿ ಸೊಪ್ಪಿನ ಪ್ರಬಂಧ

ಅನುಶ್ರೀ ಹುಟ್ಟಿದ್ದು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿ. ತಂದೆ ತೀರಿಕೊಂಡ ಮೇಲೆ ತಾಯಿ ಕಾಮಾಕ್ಷಮ್ಮ ಅವಳನ್ನು ಕರೆದುಕೊಂಡು ಅರಕಲಗೂಡಿನ ಹತ್ತಿರದ ತವರಿಗೆ ಬಂದಳು. ಅಣ್ಣ ಚನ್ನಪ್ಪನಿಗೆ ಹೊಗೆಸೊಪ್ಪಿನ ಬೆಳೆಯಿತ್ತು, ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಇತ್ತು. ಅವನು ತಂಗಿಯನ್ನು ಅನ್ನಬಟ್ಟೆಗೆ ಕಡಿಮೆಯಾಗದಂತೆ ನೋಡಿಕೊಂಡ, ಸೋದರಸೊಸೆಯನ್ನು ಬಿ.ಎಸ್ಸಿ. ಓದಿಸಿದ. ಸೊಪ್ಪು ಮುರಿಯುವ ಕಾಲದಲ್ಲಿ ಕಾಮಾಕ್ಷಮ್ಮ ಕೂಲಿಯ ಹೆಂಗಸರ ಜೊತೆ ಕುಳಿತು, ಬ್ಯಾರನ್ನಿನೊಳಗೆ ತೂಗುಹಾಕಲು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಮನೆಯವಳಾದ್ದರಿಂದ ಅದಕ್ಕೆ ಕೂಲಿಯಿಲ್ಲ, ರಜೆಯೂ ಇಲ್ಲ.

ಹಾಸನದ ಒಂದು ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನಾ ಸಮಾವೇಶ ನಡೆಯಿತು. ಒದ್ದೆ ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ಸೊಪ್ಪು ಕಟ್ಟುವವರಿಗೆ ತಲೆಸುತ್ತು, ವಾಂತಿ ತರುತ್ತದೆ ಎಂಬುದು ಅನುಶ್ರೀಯ ಪ್ರಬಂಧದ ವಿಷಯ. ಮಾವನ ಬ್ಯಾರನ್ನಿನ ಹೆಂಗಸರನ್ನೇ ಅವಳು ವಿಚಾರಿಸಿದ್ದಳು. ಯಾರ ಹೆಸರನ್ನೂ ಹೇಳುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಅವರು ಬಾಯಿ ಬಿಟ್ಟಿದ್ದರು. ತಾಯಿ ಕೂಡ ಒಲೆಯ ಮುಂದೆ ಕುಳಿತು, ಆಷಾಢ ಪೂರ್ತಿ ಉಂಡದ್ದು ನಿಲ್ಲುವುದಿಲ್ಲ ಎಂದಿದ್ದಳು.

ಮಾವನಿಗೆ ಮಾತ್ರ ಅವಳು ‘ಹೊಗೆಸೊಪ್ಪಿನ ಮೇಲೆ ಮಾತಾಡ್ತೀನಿ’ ಎಂದಷ್ಟೇ ಹೇಳಿದ್ದಳು. ತನ್ನ ಬೆಳೆಯನ್ನು ಹಾಸನದಲ್ಲಿ ಹೊಗಳುತ್ತಾಳೆಂದು ಚನ್ನಪ್ಪ ಹಿಗ್ಗಿದ. ಟೆಂಪೊ ಮಾಡಿ, ಸೊಪ್ಪು ಕಟ್ಟುವ ಅಷ್ಟೂ ಹೆಂಗಸರನ್ನು ಕರೆತಂದು ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರಿಸಿದ. ಚಪ್ಪಾಳೆ ಜೋರಾಗಿ ಬರಬೇಕಲ್ಲ.

ತೀರ್ಪುಗಾರರಲ್ಲಿ ನಾನೊಬ್ಬಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಹುಡುಗಿ ಚೆನ್ನಾಗಿಯೇ ಶುರುಮಾಡಿದಳು. ಅರ್ಧ ದಾರಿಯಲ್ಲಿ ಪರದೆಯ ಮೇಲೆ ‘ಫಲಿತಾಂಶ’ ಎಂದು ಮೂಡಿತು. ಅವಳು ಮುಂದಿನ ಸಾಲನ್ನೊಮ್ಮೆ ನೋಡಿ ಆ ಪುಟವನ್ನು ದಾಟಿಸಿ, ಉಪಸಂಹಾರಕ್ಕೆ ಹೋಗಿಬಿಟ್ಟಳು. ಸಾರಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ವಾಂತಿಯಾಗುತ್ತದೆ ಎಂದಿದ್ದೀಯ, ಆ ಭಾಗ ಎಲ್ಲಿ ಎಂದು ನಾನು ಕೇಳಿದೆ. ಕೇಳಲೇಬೇಕಾದ ಪ್ರಶ್ನೆ, ಈಗಲೂ ಕೇಳುತ್ತೇನೆ.

ಬೇರೆ ದಾರಿಯಿಲ್ಲದೆ, ತಮ್ಮೂರಿನ ಒಂದು ಬ್ಯಾರನ್ನಿನಲ್ಲಿ ಕಂಡದ್ದನ್ನು ಹೇಳಿದಳು. ಇಬ್ಬನಿ ಆರಿದ ಮೇಲೆ ಸೊಪ್ಪು ಮುರಿಸಬೇಕು, ಕೈಗವಸು ಕೊಡಬೇಕು, ತಲೆ ಸುತ್ತಿದವರನ್ನು ಕೆಲಸದಿಂದ ಎಬ್ಬಿಸಬೇಕು ಎಂದಳು. ದನಿ ಮೈಕಿನಲ್ಲೂ ಸರಿಯಾಗಿ ಕೇಳಿಸಲಿಲ್ಲ.

ಚನ್ನಪ್ಪ ಎದ್ದು ನಿಂತ. ಸಿಟ್ಟಾಗಿರಲಿಲ್ಲ, ಅಷ್ಟೂ ಜನದೆದುರು ನಾಚಿಕೆಯಾಗಿತ್ತು.

“ಆ ಬ್ಯಾರನ್ನು ನಂದೇಯ ಮೇಡಂ. ಇವ್ರೆಲ್ಲ ನಮ್ಮೆಣ್ಮಕ್ಳೇ. ಇಲ್ಲೇ ಕುಂತವ್ರಲ್ಲ, ಕೇಳ್ಬುಡಿ.”

ನಾನು ಕೇಳುವ ಮೊದಲೇ ಅವನೇ ಕೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯಳಾದ ಮಾದಮ್ಮ, “ಟೆಂಪೊದಾಗೆ ಬರೋವಾಗ್ಲೂ ನಂಗೆ ವಾಂತಿ ಆಯ್ತು ಕಣಣ್ಣ. ಅದ್ನೂ ಬರ್ಕೊಳವ್ವ ಅನುಶ್ರೀ,” ಎಂದಳು. ಸಭೆ ನಕ್ಕಿತು. ಎಲ್ಲರಿಗೂ ಹಗುರಾಯಿತು, ವೇದಿಕೆಯ ಮೇಲಿದ್ದವಳಿಗೆ ಬಿಟ್ಟು.

ಚನ್ನಪ್ಪ ತಂಗಿಯ ಕಡೆ ತಿರುಗಿದ. “ನೀನೇ ಯೋಳು ಕಾಮಾಕ್ಷಿ. ನಿಂಗೆ ಯಾವತ್ತಾದ್ರೂ ಅಂಗಾಗಿದ್ದದಾ?”

“ನಂಗೇನೂ ಆಗಿಲ್ಲ ಕಣಣ್ಣ,” ಎಂದಳು ಕಾಮಾಕ್ಷಮ್ಮ, ನೆಲ ನೋಡುತ್ತ. “ಮಗು ಏನೋ ತಿಳೀದೆ ಬರ್ದದೆ.”

ನಿನ್ನ ಫಲಿತಾಂಶಕ್ಕೆ ನೀನು ಬದ್ಧಳೇ ಎಂದು ಅನುಶ್ರೀಯನ್ನು ಕೇಳಿದೆ. ಹೌದೆಂದರೆ ಹೆತ್ತವಳನ್ನು ಅವಳ ಅಣ್ಣನ ಎದುರೇ ಸುಳ್ಳುಗಾರ್ತಿ ಮಾಡಬೇಕಿತ್ತು. ಸಂಜೆ ತಾಯಿ ಮಗಳಿಬ್ಬರೂ ಹೋಗಬೇಕಾದದ್ದು ಅದೇ ಮನೆಗೆ. ಅವಳು ಉತ್ತರಿಸಿದಳು: “ನಾನು ಕೇಳಿಕೊಂಡದ್ದರಲ್ಲಿ ತಪ್ಪಾಗಿರಬಹುದು, ಮೇಡಂ.”

ತನ್ನ ಫಲಿತಾಂಶವನ್ನು ತಾನೇ ಹಿಂತೆಗೆದುಕೊಂಡ ಪ್ರಬಂಧಕ್ಕೆ ಬಹುಮಾನ ಕೊಡಲಾಗದು, ಕೊಡಲಿಲ್ಲ. ತೆಂಗಿನ ನಾರಿನ ಬಗ್ಗೆ ಮಾತಾಡಿದ ಚನ್ನರಾಯಪಟ್ಟಣದ ಹಂಸ ಎಂಬ ಹುಡುಗಿಗೆ ಅದು ಹೋಯಿತು. ಚನ್ನಪ್ಪ ಎಲ್ಲರಿಗೂ ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿದನಂತೆ. ಪ್ರೈಜು ಹೋದರೆ ಹೋಗಲಿ, ಮೈಕು ಹಿಡಿದು ಹೆದರದೆ ನಿಂತಳಲ್ಲ ಎಂದು ಸೊಸೆಯ ಬೆನ್ನು ತಟ್ಟಿದನಂತೆ. ಬೈದಿದ್ದರೆ ಅವಳಿಗೆ ತಿರುಗಿ ಹೇಳಲು ಒಂದು ಮಾತಾದರೂ ಸಿಗುತ್ತಿತ್ತು.

ಪ್ರಬಂಧದ ಬುಡ ಗಟ್ಟಿಯಾಗಿತ್ತೆಂದು ನನಗೆ ಗೊತ್ತಿತ್ತು. ಎಂ.ಎಸ್ಸಿ.ಗೆ ಅರ್ಜಿ ಹಾಕಲಿ ಎಂದು ಅವಳ ಅಧ್ಯಾಪಕ ಗೌರೀಶನ ಮೂಲಕ ಹೇಳಿ ಕಳಿಸಿದೆ. ಉತ್ತರ ಬರಲಿಲ್ಲ. ಆಷಾಢದಲ್ಲಿ ಗೌರೀಶನೇ ಅವರ ಊರಿಗೆ ಹೋದ. ಅನುಶ್ರೀ ಬ್ಯಾರನ್ನಿನ ಮುಂದೆ, ಹೆಂಗಸರ ಸಾಲಿನಲ್ಲಿ, ತಾಯಿ ಕೂರುತ್ತಿದ್ದ ಜಾಗದಲ್ಲಿ ಕುಳಿತು ಸೊಪ್ಪು ಕಟ್ಟುತ್ತಿದ್ದಳಂತೆ.

“ಅವ್ವ ಈ ಸಲ ಅಡಿಗೆ ನೋಡ್ಕೊತದೆ ಸಾ. ಮನೆಯಿಂದ ಒಬ್ರಾದ್ರೂ ಕೂರ್ಬೇಕಲ್ಲ,” ಎಂದಳಂತೆ. ಅರ್ಜಿಯ ಮಾತು ತೆಗೆದದ್ದಕ್ಕೆ, ತಾನು ಹೋದರೆ ಅವ್ವ ಮತ್ತೆ ಇಲ್ಲಿಗೆ ಬಂದು ಕೂರಬೇಕಾಗುತ್ತದೆ ಎಂದಷ್ಟೇ ಹೇಳಿದಳು. ನಡುವೆ ಒಮ್ಮೆ ಎದ್ದು ಬ್ಯಾರನ್ನಿನ ಹಿಂದಕ್ಕೆ ಹೋದಳು. ಬಾಯಿ ಮುಕ್ಕಳಿಸಿಕೊಂಡು ಬಂದು, ಗೌರೀಶನಿಗೆ ಕಾಫಿ ತರಲು ಅಡಿಗೆಮನೆಯ ಕಡೆ ಕೂಗಿ ಹೇಳಿ, ಹೊಸ ಕಡ್ಡಿ ಎತ್ತಿಕೊಂಡಳು.