ಬ್ಯಾರೆ ಗ್ರಹದ ಹುಳಕ್ಕ ನಮ್ಮನ್ಯಾಗ ಬಾಣಂತನ

ಗೆಳೆಯರೇ, ನಾ ಬರ್ಯಾಕತ್ತಿದ್ದ ಕಥಿ ಇವತ್ತು ನಮ್ಮ ಅಡಗಿಮನ್ಯಾಗ ಕೆಟ್ಟು ಕುಂತದ. ನಾಳೆ ಪತ್ರಿಕೆಗೆ ಕಳಿಸಬೇಕು.

ಕಥ್ಯಾಗ ಎಮ್ಮಿಯಷ್ಟು ದೊಡ್ಡ ಹುಳಗಳು ಬ್ಯಾರೆ ಗ್ರಹದಿಂದ ಬಸವಕಲ್ಯಾಣಕ್ಕ ಇಳಿತಾವ. ಹುಳ ಮೈಮ್ಯಾಲಿನ ಸಣ್ಣ ತೂತಿನಿಂದ ಉಸಿರಾಡತದ, ಅಷ್ಟು ದೊಡ್ಡ ಮೈಗೆ ಆ ಗಾಳಿ ಸಾಲಲ್ಲ. ಅದಕ್ಕ ನಮ್ಮಂಗ ಶ್ವಾಸಕೋಶ ಕೊಟ್ಟೆ. ಇನ್ನ ಕೊಲ್ಲೋದು ಹ್ಯಾಂಗ? ಬೆಳಿಬೇಕಂದ್ರ ಹುಳ ತನ್ನ ಚಿಪ್ಪು ಕಳಚಬೇಕು, ಹೊಸಾದು ಗಟ್ಟಿ ಆಗೋತನಕ ಮೈ ಬೆಣ್ಣಿಯಂಗ ಮೆತ್ತಗಿರತದ. ಆವಾಗ ನನ್ನ ನಾಯಕ ಬಂದೂಕು ಹಿಡ್ಕೊಂಡು ನುಗ್ಗತಾನ.

ಇದನ್ನ ಅವ್ವಗ ಓದಿ ಹೇಳಿದೆ. ಹುಮನಾಬಾದಿನ ಅಕ್ಕ ಬಾಣಂತನಕ್ಕ ಬಂದಾಳ, ಆಕಿಗಿ ಅವ್ವ ಅಳವಿ ಬೀಜದ ಪಾಯಸ ಕುದಸಾಕತ್ತಿದ್ಳು.

“ಏಳಾಕ ಆಗಲ್ದಂಗ ಮೆತ್ತಗಾಗ್ಯಾದ ಅಂತಿ, ಆವಾಗ ಹೊಡೀತಾನ? ಯಾವ ಮನ್ಯಾಂವ ಅಂವ?”

“ಅವ್ವಾ, ಅದು ಭೂಮಿ ನಾಶ ಮಾಡಾಕ ಬಂದದ.”

“ಮೊದಲ ಅದರ ಮೈ ಗಟ್ಟಿ ಆಗ್ಲಿ. ಗಾಳಿ ಬಡಿಲಾರದ ಖೋಲ್ಯಾಗ ಮಲಗಿಸು. ಕಿವ್ಯಾಗ ಹತ್ತಿ ಇಡು.”

“ಇದರ ಕಿವಿ ಮೊಣಕಾಲ ಹತ್ರ ಅದಾವ.” ಮಿಡತಿ ಜಾತಿಯ ಕೆಲವು ಹುಳ ನೋಡಿ ಹಂಗ ಬರ್ದಿದ್ದೆ.

“ಹಂಗಾರ ಮೊಣಕಾಲಿಗಿ ಇಡು.”

ಒಳಗಿಂದ ಅಕ್ಕ, “ಅದಕ್ಕೂ ಬಿಸಿನೀರ ಕೊಡು, ತಣ್ಣೀರ ಬ್ಯಾಡ” ಅಂದ್ಳು.

ಸದ್ಯ ನನ್ನ ನಾಯಕ ಬಂದೂಕು ಹೊರಗಿಟ್ಟು, ಕಾಲು ತೊಳ್ಕೊಂಡು ಹೊಸ್ತಿಲಾಗ ನಿಂತಾನ. ಭೂಮಿ ಉಳಿಸೋ ದಾರಿ ಯಾರಿಗರ ಗೊತ್ತಿದ್ರ ಹೇಳ್ರಿ. ಮೊದಲ ಅವ್ವನ ಕೇಳ್ಕೊಂಡು ಹೇಳ್ರಿ.