ಸಕ್ಕುಬಾಯಿಯ ಗಂಡ ಸಿಕ್ಕಿದ್ದು

ಎಲ್ಲಿ ಕಳವಾದರೂ ನಮ್ಮ ಅಂಬೇವಾಡಿಗೆ ಬರುವ ಪೊಲೀಸ್ ಜೀಪು ನಿಲ್ಲುವುದು ಸಕ್ಕುಬಾಯಿ ಸಿದ್ದಿಯ ಬಾಗಿಲಲ್ಲಿ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಲ ಅವಳದು. ಕರಿ ಮೈ, ಗುಂಗುರು ಕೂದಲು. ಈ ಕಾಡಿನಲ್ಲಿ ನಮಗಿಂತ ಹಳಬರು. ಆದರೇನು, ಕಳ್ಳ ಕರ್ರಗಿದ್ದ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು. ನಾನು ಧಾರವಾಡ ಕಡೆಯಿಂದ ಮದುವೆಯಾಗಿ ಬಂದವಳು, ಅವಳ ಪಕ್ಕದ ಮನೆ. ನಮ್ಮ ಬಾಗಿಲನ್ನು ಪೊಲೀಸರು ಒಮ್ಮೆಯೂ ಬಡಿದಿಲ್ಲ.

ಹೋದ ಮಳೆಗಾಲದಲ್ಲಿ ಅವಳ ಗಂಡ ಪರಸಪ್ಪನನ್ನು ಹೀಗೆಯೇ ಕರೆದೊಯ್ದರು. ಕಟ್ಟಿಗೆ ಡಿಪೋದ ಹಮಾಲ, ಊಟಕ್ಕೆ ಕುಳಿತಿದ್ದ. ಕೈ ತೊಳೆಯಲೂ ಬಿಡಲಿಲ್ಲ ಹಾಳಾದವರು. ಮರುದಿನ ಕೇಳಿದರೆ, ಬಿಟ್ಟೆವು, ನಡೆದುಕೊಂಡು ಹೋದ ಎಂದರು. ಎಲ್ಲಿಗೆ ಹೋದ? ಕಂಡವರಿಲ್ಲ.

ಜೊಯಿಡಾದಿಂದ ಅವಳ ಅತ್ತೆ ಶಂಕ್ರವ್ವ ಬಂದು ಅತ್ತಳು. ಸಿದ್ದಿಗಳು ಸತ್ತವರಿಗೆ ಮನೆಯ ಮೂಲೆಯಲ್ಲಿ ತೆಂಗಿನಕಾಯಿ ಇಟ್ಟು, ಹಿರಿಯರ ಸಾಲಿನಲ್ಲಿ ಕೂರಿಸುತ್ತಾರೆ.

"ಅಂವನ್ನ ಹಿರ್ಯಾರ ಜೋಡಿ ಕುಂಡ್ರಸ ಯವ್ವಾ. ಇಲ್ಲಂದ್ರ ಅಡವ್ಯಾಗ ಅಲೀತಾನ."

"ಸತ್ತಾನಂತ ಪೊಲೀಸ್ರ ತಮ್ಮ ಬಾಯಲೆ ಹೇಳ್ಲಿ. ಆಮ್ಯಾಲೆ ಕುಂಡ್ರಸ್ತೇನಿ," ಎಂದಳು ಸಕ್ಕುಬಾಯಿ. ಮೇಲಿನವರಿಗೆ ದೂರು ಕೊಟ್ಟಳು. ದಿನವೂ ಗಂಡನ ಗಂಗಾಳದಲ್ಲಿ ಅನ್ನ ಬಡಿಸಿಡುತ್ತಿದ್ದಳು. ಆ ಗಂಗಾಳದ ಕಡೆ ನೋಡಲು ನನಗೆ ಹೆದರಿಕೆಯಾಗುತ್ತಿತ್ತು.

ಕಳೆದ ತಿಂಗಳು ಮಟಮಟ ಮಧ್ಯಾಹ್ನ ಜೀಪು ಬಂತು.

"ತೊಗೊ, ನಿನ್ನ ಗಂಡ ಸಿಕ್ಕಾನ. ಇಲ್ಲೆ ಹೆಬ್ಬೆಟ್ಟ ಒತ್ತು," ಎಂದ ಹವಾಲ್ದಾರ.

ಇಳಿದವನು ಕಪ್ಪಗೆ, ಎತ್ತರವಾಗಿದ್ದ. ಮೈಮೇಲೆ ಪರಸಪ್ಪ ಅಂದು ತೊಟ್ಟಿದ್ದ ಹಸಿರು ಅಂಗಿ. ಆದರೆ ಅವನು ಪರಸಪ್ಪ ಅಲ್ಲ. ಹವಾಲ್ದಾರನಿಗೆ ಒಂದಿಷ್ಟೂ ಅಳುಕಿಲ್ಲ. ಸಿದ್ದಿಗೆ ಬದಲು ಸಿದ್ದಿ ಕೊಟ್ಟಿದ್ದೇನೆ, ಇನ್ನೇನು ಬೇಕು ಎನ್ನುವ ಹಾಗೆ ನಿಂತಿದ್ದ.

ಸಕ್ಕುಬಾಯಿ ಬಂದವನನ್ನೇ ನೋಡಿದಳು. ಅವನ ತುಟಿ ಒಡೆದಿತ್ತು. ಅಲ್ಲ ಎಂದರೆ ಅವನು ಮತ್ತೆ ಆ ಜೀಪು ಹತ್ತಬೇಕು. ಹೌದು ಎಂದರೆ ದೂರು ಅಲ್ಲಿಗೆ ಮುಗಿಯಿತು, ಅವಳ ಗಂಡನನ್ನು ಇನ್ನು ಯಾರೂ ಹುಡುಕುವುದಿಲ್ಲ.

"ಹೌದ್ರಿ, ಇಂವನ," ಎಂದು ಹೆಬ್ಬೆಟ್ಟು ಒತ್ತಿದಳು.

ಜೀಪು ಹೋದ ಮೇಲೆ ಅವನನ್ನು ಒಳಗೆ ಕೂರಿಸಿ, "ನೀ ಯಾರಪಾ?" ಎಂದಳು.

"ದ್ಯಾಮಪ್ಪ. ಮುಂಡಗೋಡ ಕಡ್ಯಾವ. ಈ ಅಂಗಿ ಅವರ ಹಾಕ್ಸಿದ್ರು. ಬಾಯಿ ಬಿಟ್ಟಿ ಅಂದ್ರ ನಿನ್ನೂ ಅಂವ ಇದ್ದಲ್ಲೇ ಕಳಸ್ತೇವಿ ಅಂದ್ರು."

"ಎಲ್ಲಿ ಅದಾನಂತ?"

"ಅದನ್ನ ಹೇಳಲಿಲ್ರಿ ಅಕ್ಕಾ."

ಅವಳು ಅಳಲಿಲ್ಲ. ಗಂಡನ ಗಂಗಾಳವನ್ನು ಅವನ ಮುಂದೆ ಸರಿಸಿದಳು. ಉಂಡ ಮೇಲೆ ಬೇರೆ ಅಂಗಿ ಕೊಟ್ಟು, ಬಸ್ಸಿಗೆ ಹತ್ತಿಸಿ ಬಂದಳು. ಗೋಡೆ ಹಿಡಿದು ಅತ್ತವಳು ನಾನು.

ಮೊನ್ನೆ ಕುಳಗಿ ರಸ್ತೆಯಲ್ಲಿ ಮತ್ತೆ ಕಳವು. ಬಂದವನು ಹೊಸ ಪೊಲೀಸ. ಠಾಣೆಯ ಲೆಕ್ಕದಲ್ಲಿ ಪರಸಪ್ಪ ಮನೆಯಲ್ಲೇ ಇದ್ದಾನಲ್ಲ.

"ಎಲ್ಲಿ ಪರಸಪ್ಪ? ಹೊರಗ ಕಳಸು."

ನಾನು ಹೋಗಿ ಸಕ್ಕುಬಾಯಿಯ ಪಕ್ಕ ನಿಂತೆ. ಓಣಿಯ ಹೆಂಗಸರೂ ಬಂದರು.

"ನಿಮ್ಮ ಕಡೇನ ಅದಾನ್ರಿ ಸಾಹೇಬ್ರ," ಎಂದಳು ಅವಳು ಮೆಲ್ಲಗೆ. "ಎಲ್ಲಿ ಮಲಗಿಸ್ಯಾರಂತ ಕೇಳ್ಕೊಂಡ ಬರ್ರಿ. ನಾ ಅಂವನ್ನ ಹಿರ್ಯಾರ ಜೋಡಿ ಕುಂಡ್ರಸೂದೈತಿ."